ಎಂಟುನೂರು ರೂಪಾಯಿ ಪ್ಲಾನು

"ತಿರುಗಾಡೋಕೆ ದುಡ್ಡು ಖರ್ಚು ಮಾಡೋದು ಸರಿ ಕಣಮ್ಮ. ಹೆಂಗೆ ತಿರುಗಾಡ್ಬೇಕು ಅಂತ ಹೇಳಿಸ್ಕೊಳ್ಳೋಕೂ ದುಡ್ಡು ಕೊಡ್ಬೇಕಾ?"

ಶಿವಶಂಕರಪ್ಪನವರು ಅಕ್ಕಿರೊಟ್ಟಿಯ ಚೂರನ್ನು ಎಣ್ಣೆಗಾಯಿಗೆ ಅದ್ದದೆ ಹಾಗೇ ಕೈಯಲ್ಲಿ ಹಿಡಿದುಕೊಂಡು ಹಿರಿ ಸೊಸೆಯ ಮುಖ ನೋಡಿದರು. ಪ್ರಿಯದರ್ಶಿನಿ ಹೈಸ್ಕೂಲ್ ಮೇಡಂ. ಮಾವ ಸಿಟ್ಟಾದರೆ ದನಿ ಏರಿಸುವವಳಲ್ಲ, ತರಗತಿಯಲ್ಲಿ ತಂಟೆ ಹುಡುಗನಿಗೆ ಕಾಯುವ ಹಾಗೆ ಸುಮ್ಮನೆ ಕಾಯುವವಳು. ಕಾದಳು. ಆಮೇಲೆ ಹೇಳಿದಳು.

"ಮಾವ, ಹೋದ ಸಲ ನಾವೇ ಪ್ಲಾನ್ ಮಾಡ್ಕೊಂಡು ಹೋಗಿದ್ವಲ್ಲ. ಏನಾಯ್ತು?"

ಅಡುಗೆಮನೆಯ ಹೊಸ್ತಿಲಲ್ಲಿ ರೊಟ್ಟಿಯ ತಟ್ಟೆ ಹಿಡಿದು ನಿಂತಿದ್ದ ಅತ್ತೆ ಕಾಶಮ್ಮ ತಟ್ಟೆಯನ್ನು ಅಲ್ಲೇ ಕೆಳಗಿಟ್ಟರು. ಆ ಮಾತನ್ನು ಈ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಮನೆಮಂದಿಯೆಲ್ಲ ಶೃಂಗೇರಿ, ಹೊರನಾಡು ನೋಡಿಕೊಂಡು ಬರೋಣ ಅಂತ ಹೊರಟಿದ್ದರು. ಮೊದಲು ಎಲ್ಲಿಗೆ ಹೋಗಬೇಕು ಅಂತ ಹಿರಿಮಗ ರುದ್ರೇಶನಿಗೂ ಕಿರಿಮಗ ವೀರೇಂದ್ರನಿಗೂ ದಾರಿಯಲ್ಲೇ ಮಾತು ಬೆಳೆಯಿತು. ಅವನು ರೂಮು ಬುಕ್ ಮಾಡಿರುತ್ತಾನೆ ಅಂತ ಇವನು ಅಂದುಕೊಂಡಿದ್ದ, ಇವನು ಮಾಡಿರುತ್ತಾನೆ ಅಂತ ಅವನು. ಕೊನೆಗೆ ಎಲ್ಲರೂ ವ್ಯಾನಿನಲ್ಲೇ ಮಲಗಿ, ಸೊಳ್ಳೆ ಕಚ್ಚಿಸಿಕೊಂಡು, ದರ್ಶನವೂ ಇಲ್ಲದೆ ವಾಪಸು ಬಂದರು. ಅವತ್ತಿನಿಂದ ಅಣ್ಣ ತಮ್ಮ ನೇರವಾಗಿ ಒಂದು ಮಾತು ಆಡಿರಲಿಲ್ಲ. ಹಬ್ಬಕ್ಕೆ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದರು. "ಅಮ್ಮ, ಉಪ್ಪಿನಕಾಯಿ ಅವನ ಹತ್ರ ಇದೆ, ಈ ಕಡೆ ಕೊಡೋಕೆ ಹೇಳು" ಅನ್ನುವಷ್ಟು ಮಟ್ಟಿಗೆ.

ಈಗ ದಸರಾ ರಜ ಬರುತ್ತಿತ್ತು. ತುಮಕೂರು ದಾಟಿ ಹೆದ್ದಾರಿ ಪಕ್ಕದಲ್ಲಿ ಜಲಕ್ರೀಡಾ ಅಂತ ಒಂದು ದೊಡ್ಡ ಪಾರ್ಕ್ ಆಗಿತ್ತು. ನೀರಿನ ಜಾರುಬಂಡೆ, ಅಲೆ ಏಳುವ ಕೊಳ, ತಲೆಕೆಳಗಾಗಿ ತಿರುಗುವ ಗಾಡಿ, ಏನೇನೋ. ರುದ್ರೇಶನ ಮಗಳು ಸ್ಫೂರ್ತಿಗೆ ಹತ್ತು ವರ್ಷ. ಶಾಲೆಯಲ್ಲಿ ಅರ್ಧ ಮಕ್ಕಳು ಹೋಗಿ ಬಂದಿದ್ದಾರಂತೆ. ಅವಳದು ಒಂದೇ ಹಟ, "ಎಲ್ರೂ ಹೋಗ್ಬೇಕು. ಚಿಕ್ಕಪ್ಪ, ಚಿಕ್ಕಮ್ಮ, ಅಜ್ಜ, ಅಜ್ಜಿ, ಎಲ್ರೂ."

ಪ್ರಿಯದರ್ಶಿನಿ ಭದ್ರಾವತಿ ಬಸ್‌ಸ್ಟ್ಯಾಂಡ್ ಹತ್ತಿರ ನಾಗೇಶ್ ಅನ್ನುವವನನ್ನು ವಿಚಾರಿಸಿ ಬಂದಿದ್ದಳು. ಶಾಲೆ ಮಕ್ಕಳ ಟೂರು ಕರೆದುಕೊಂಡು ಆ ಪಾರ್ಕಿಗೆ ಹತ್ತಾರು ಸಲ ಹೋಗಿ ಬಂದವನು. ಮನೆಗೆ ಬಂದು ಎಲ್ಲರನ್ನೂ ಮಾತಾಡಿಸಿ, ಯಾರಿಗೆ ಏನು ಬೇಕು, ಯಾವಾಗ ಎಲ್ಲಿ ಹೋಗಬೇಕು ಅಂತ ಆ ಮನೆಗೆಂದೇ ಒಂದು ಪ್ಲಾನು ಮಾಡಿ ಕೊಡುತ್ತಿದ್ದ. ಎಂಟುನೂರು ರೂಪಾಯಿ. ಅರ್ಧ ಮೊದಲು, ಅರ್ಧ ಹೋಗಿ ಬಂದ ಮೇಲೆ.

"ಅವನು ನಮ್ಮ ಜೊತೆ ಬರ್ತಾನಾ?" ಅಂದರು ಶಿವಶಂಕರಪ್ಪ.

"ಇಲ್ಲ."

"ಟಿಕೆಟ್ ಕೊಡಿಸ್ತಾನಾ?"

"ಇಲ್ಲ ಮಾವ."

"ಹಂಗಾದ್ರೆ ಬರೀ ಮಾತಿಗೆ ಎಂಟುನೂರು! ನಾನು ಆ ಕಾರ್ಖಾನೇಲಿ ಕಬ್ಬಿಣ ಕಾಯಿಸಿದ್ರೂ ಮೊದಮೊದಲು ತಿಂಗಳಿಗೆ ಅಷ್ಟು ಕೊಟ್ಟಿರಲಿಲ್ಲ."

"ಮಾತಿಗಲ್ಲ ಮಾವ. ನಮ್ಮ ಮನೇಲಿ ಯಾರೂ ಯಾರಿಗೂ ಏನೂ ಹೇಳೋದು ಬೇಡ ಅಂತ."

ಶಿವಶಂಕರಪ್ಪ ರೊಟ್ಟಿ ಬಾಯಿಗಿಟ್ಟುಕೊಂಡರು. ಇನ್ನೊಂದು ರೊಟ್ಟಿಗೆ ತಟ್ಟೆ ಮುಂದೆ ಚಾಚಿದರು.

* * *

ನಾಗೇಶ್ ಒಂದು ಭಾನುವಾರ ಭದ್ರಾವತಿಯ ಜನ್ನಾಪುರದಲ್ಲಿದ್ದ ಶಿವಶಂಕರಪ್ಪನವರ ಮನೆಗೆ ಬಂದ. ಶಿವಮೊಗ್ಗದ ವಿನೋಬನಗರದಿಂದ ರುದ್ರೇಶನ ಸಂಸಾರವೂ ಬಂದಿತ್ತು. ನಾಗೇಶ್ ಮೂವತ್ತರ ಹುಡುಗ, ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡಿದ್ದ. ಕಾಶಮ್ಮ ಕೊಟ್ಟ ಮಂಡಕ್ಕಿ ಖಾರವನ್ನು ನಾಚಿಕೆಯಿಲ್ಲದೆ ತಿಂದ. ಅದು ಅವರಿಗೆ ಹಿಡಿಸಿತು.

"ಒಬ್ಬೊಬ್ಬರೇ ಹೇಳಿ. ಏನು ಬೇಕೇ ಬೇಕು, ಏನು ಬೇಡವೇ ಬೇಡ."

ಸ್ಫೂರ್ತಿಯ ಪಟ್ಟಿ ಹನುಮಂತನ ಬಾಲ. ರುದ್ರೇಶ ದುರ್ಗಿಗುಡಿಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟವನು, "ಸರತಿಯಲ್ಲಿ ನಿಲ್ಲೋದು ನಂಗಾಗಲ್ಲ" ಅಂದ. ವೀರೇಂದ್ರ, "ಯಾವ ವ್ಯಾನು ಅಂತ ನೀವೇ ಹೇಳಿಬಿಡಿ. ನಾನು ಹೇಳಿದ್ರೆ ಕೆಲವರಿಗೆ ಆಗಿಬರಲ್ಲ" ಅಂದ, ಗೋಡೆ ನೋಡಿಕೊಂಡು. ಅವನ ಹೆಂಡತಿ ಸಂಧ್ಯಾ ಮದುವೆಯಾಗಿ ಬಂದು ವರ್ಷ ತುಂಬಿರಲಿಲ್ಲ. "ನಂಗೆ ಎತ್ತರ ಅಂದ್ರೆ ಭಯ" ಅಂತ ಮೆಲ್ಲಗೆ ಹೇಳಿದಳು.

"ಸರ್, ನಿಮಗೆ?"

"ನಂಗೇನೂ ಬೇಡ," ಅಂದರು ಶಿವಶಂಕರಪ್ಪ. "ಒಂದು ಗಂಟೆಗೆ ಸರಿಯಾಗಿ ಊಟ ಎಲೆ ಮೇಲಿರ್ಬೇಕು. ಅಷ್ಟೇ."

ಅದು ಮನೆಯವರಿಗೆಲ್ಲ ಗೊತ್ತಿದ್ದ ವಿಷಯ. ಕಾರ್ಖಾನೆ ಬಿಟ್ಟು ಎಂಟು ವರ್ಷವಾದರೂ ಅವರ ಹೊಟ್ಟೆ ಸೈರನ್ನಿನ ಮಾತು ಕೇಳುತ್ತಿತ್ತು. ಒಂದಕ್ಕೆ ಐದು ನಿಮಿಷ ಹೆಚ್ಚಾದರೂ ಮನೆಯಲ್ಲಿ ಪಾತ್ರೆಗಳ ಸದ್ದು ಬದಲಾಗುತ್ತಿತ್ತು.

"ಅಮ್ಮಾ, ನಿಮಗೆ?"

ಕಾಶಮ್ಮ ಮಂಡಕ್ಕಿ ತಟ್ಟೆ ಎತ್ತಿಕೊಂಡು ಒಳಗೆ ಹೊರಟಿದ್ದರು. "ನಂದೇನಪ್ಪ. ಎಲ್ಲಿ ಕೂರಿಸ್ತಾರೋ ಅಲ್ಲಿ ಕೂರ್ತೀನಿ. ಬ್ಯಾಗು ನೋಡ್ಕೊಳ್ಳೋಕೆ ಒಬ್ರು ಬೇಕಲ್ಲ."

"ಬ್ಯಾಗಿಗೆ ಅಲ್ಲಿ ಲಾಕರ್ ಇದೆ ಅಮ್ಮ. ನಿಮಗೇನು ಬೇಕು ಹೇಳಿ. ನಂಗೆ ಎಲ್ಲರದ್ದೂ ಬೇಕು."

ಎಲ್ಲರೂ ಅವರನ್ನು ನೋಡುತ್ತಿದ್ದರು. ಹಾಗೆ ಎಲ್ಲರೂ ಒಟ್ಟಿಗೆ ತಮ್ಮ ಮುಖ ನೋಡಿದ್ದು ಯಾವಾಗ ಅಂತ ಕಾಶಮ್ಮನಿಗೆ ನೆನಪಾಗಲಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದಾಗ ಇರಬೇಕು.

"ನೀರಿಗೆ ಇಳೀಬೇಕು," ಅಂದರು.

"ಕಾಲು ಇಳಿಬಿಟ್ಕೊಂಡು ಕೂರೋ ಜಾಗ ಇದೆ ಅಮ್ಮ."

"ಕಾಲಲ್ಲ ಕಣಪ್ಪ. ಈಜೋಕೆ."

ಸ್ಫೂರ್ತಿ ಕಿಸಕ್ಕನೆ ನಕ್ಕಳು. ವೀರೇಂದ್ರ, "ಅಮ್ಮಾ, ನಿಂಗೆಲ್ಲಿ ಈಜು ಬರುತ್ತೆ?" ಅಂದ.

"ಹೊಳೆಹೊನ್ನೂರಲ್ಲಿ ಹುಟ್ಟಿದೋಳಿಗೆ ಈಜು ಬರಲ್ವೇನೋ? ಭದ್ರಾ ಹೊಳೆ ನಮ್ಮ ಹಿತ್ತಲಿನ ಹಿಂದೆ ಹರೀತಿತ್ತು. ನಮ್ಮಪ್ಪ ಸೊಂಟಕ್ಕೆ ಸೋರೆಬುರುಡೆ ಕಟ್ಟಿ ಬಿಟ್ಟಿದ್ರು. ಆಮೇಲೆ ಬುರುಡೇನೂ ಬೇಕಾಗ್ಲಿಲ್ಲ. ಮಳೆಗಾಲ ಬಿಟ್ಟು ಆಚೆ ದಡ ಮುಟ್ಟಿ ಬರ್ತಿದ್ದೆ."

ನಾಗೇಶ್ ಬರೆದುಕೊಂಡ. ಶಿವಶಂಕರಪ್ಪ ಎದ್ದು ಹಿತ್ತಲಿಗೆ ಹೋಗಿ, ನೀರು ಬರದ ಹೊತ್ತಿನಲ್ಲಿ ನಲ್ಲಿ ತಿರುಗಿಸಿ ನೋಡಿ, ವಾಪಸು ಬಂದರು.

* * *

ಮುಂದಿನ ವಾರ ಪ್ಲಾನು ಬಂತು. ಮುರುಗೇಶಪ್ಪನ ವ್ಯಾನು, ಬೆಳಗ್ಗೆ ಐದಕ್ಕೆ ಹೊರಡುವುದು, ಕಡೂರಲ್ಲಿ ತಿಂಡಿ. ಪಾರ್ಕಿನ ಬಾಗಿಲು ತೆಗೆದ ಕೂಡಲೇ ಎಲ್ಲರೂ ಜಾರುಬಂಡೆಯ ಕಡೆ ಓಡುತ್ತಾರೆ. ನೀವು ಓಡಬೇಡಿ, ದೊಡ್ಡ ಕೊಳ ಆಗ ಖಾಲಿ ಇರುತ್ತೆ, ಅಮ್ಮನವರು ಅಲ್ಲಿ ಇಳಿಯಲಿ. ಒಂದು ಗಂಟೆಗೆ ಊಟ. ಅದರ ಕೆಳಗೆ ಒಂದು ಮಾತು. ಸೀರೆ ಉಟ್ಟು ಕೊಳಕ್ಕೆ ಇಳಿಯಲು ಬಿಡುವುದಿಲ್ಲ. ನೈಲಾನ್ ಬಟ್ಟೆ ಕಡ್ಡಾಯ.

ಅಲ್ಲಿಂದ ಶುರುವಾಯಿತು.

ಸಂಧ್ಯಾ ಹೊಲಿಗೆ ಕಲಿತವಳು. ಅತ್ತೆಯ ಅಳತೆ ತೆಗೆದುಕೊಂಡು, ರುದ್ರೇಶ ಶಿವಮೊಗ್ಗದ ಗಾಂಧಿ ಬಜಾರಿನಿಂದ ತಂದುಕೊಟ್ಟ ಕಡುನೀಲಿ ಬಟ್ಟೆಯಲ್ಲಿ ಮುಂಗೈವರೆಗೆ ತೋಳು, ಮೊಣಕಾಲಿನ ಕೆಳಗಿಳಿಯುವ ನಿಲುವಂಗಿ, ಪಾದದವರೆಗೆ ಪೈಜಾಮ ಹೊಲಿದಳು. ಕೋಣೆಯ ಬಾಗಿಲು ಹಾಕಿಕೊಂಡು ಕಾಶಮ್ಮ ತೊಟ್ಟು ನೋಡಿದರು.

"ಕೋಲೆಬಸವನ ಹಂಗೆ ಕಾಣ್ತೀನೇನೇ ಮಾರಾಯ್ತಿ?"

"ಇಲ್ಲ ಅತ್ತೆ. ಚೆನ್ನಾಗಿದೆ. ಕೈ ಮೇಲೆತ್ತಿ ನೋಡಿ, ಹಿಡಿಯುತ್ತಾ?"

ಕಾಶಮ್ಮ ಕೈ ಎತ್ತಿ, ನೀರನ್ನು ಹಿಂದಕ್ಕೆ ತಳ್ಳುವ ಹಾಗೆ ಎಳೆದರು. ಕಂಕುಳಲ್ಲಿ ಸ್ವಲ್ಪ ಹಿಡಿಯಿತು. ಸಂಧ್ಯಾ ಅಲ್ಲೇ ಬಿಚ್ಚಿ ಸಡಿಲ ಮಾಡಿದಳು.

ಒಗೆದು ಹಿತ್ತಲ ತಂತಿಯ ಮೇಲೆ ಹಾಕಿದ್ದನ್ನು ಶಿವಶಂಕರಪ್ಪ ನೋಡಿದರು.

"ಏನಿದು?"

"ಅಮ್ಮಂದು," ಅಂದ ವೀರೇಂದ್ರ.

"ಜನ್ನಾಪುರದಲ್ಲಿ ನಾನು ತಲೆ ಎತ್ಕೊಂಡು ತಿರುಗಾಡೋದು ಬೇಡ್ವಾ?"

"ಪಾರ್ಕ್ ಇರೋದು ತುಮಕೂರಿನ ಹತ್ರ ಅಪ್ಪಾಜಿ."

"ತಂತಿ ಇರೋದು ಜನ್ನಾಪುರದಲ್ಲಿ!"

ಅವತ್ತು ರಾತ್ರಿ ಊಟಕ್ಕೆ ಕೂತರು, ಆದರೆ ಮಾತಿಲ್ಲ. ಮಾರನೆ ದಿನವೂ ಇಲ್ಲ. ಕಾಶಮ್ಮ ಬಡಿಸಿದರೆ ಸಾಕು ಅನ್ನುವುದಕ್ಕೂ ಕೈ ಅಡ್ಡ ಹಿಡಿಯುತ್ತಿದ್ದರು. ಇಷ್ಟವೆಂದು ಕಾಯಿ ಹೋಳಿಗೆ ಮಾಡಿದರೆ ಎರಡು ತಿನ್ನುವವರು ಒಂದರ್ಧ ತಿಂದು ಎದ್ದರು. ಸೊಸೆಗೆ ಹೆದರಿಕೆಯಾಯಿತು. "ಅತ್ತೆ, ನಾನೇ ಹೊಲಿಯಬಾರದಿತ್ತೇನೋ."

"ನೀನು ಸುಮ್ನಿರು. ಅವರಿಗೆ ಬಟ್ಟೆ ಮೇಲೆ ಸಿಟ್ಟಿಲ್ಲ. ನಲವತ್ತು ವರ್ಷದಿಂದ ನೋಡ್ತಾ ಇದೀನಿ. ಬಟ್ಟೆ ಮೇಲೆ ಸಿಟ್ಟಿದ್ರೆ ಇಷ್ಟು ಹೊತ್ತಿಗೆ ಕಿತ್ತು ಬಿಸಾಕಿರೋರು."

ಮೂರನೆಯ ದಿನ ಮಧ್ಯಾಹ್ನ ಕಾಶಮ್ಮ ಜಗುಲಿಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ಶಿವಶಂಕರಪ್ಪ ಪೇಪರು ಓದುತ್ತಿದ್ದರು. ಒಂದೇ ಪುಟವನ್ನು ಬಹಳ ಹೊತ್ತಿನಿಂದ ಓದುತ್ತಿದ್ದರು.

"ಒಂದು ಮಾತು ಹೇಳಲಿಲ್ಲ ನೀನು," ಅಂದರು ಪೇಪರಿನ ಹಿಂದಿನಿಂದ.

"ಏನನ್ನ?"

"ಈಜು ಬರುತ್ತೆ ಅಂತ."

ಕಾಶಮ್ಮ ಮೊರ ಕೆಳಗಿಟ್ಟರು. "ಏನಂತ ಹೇಳ್ಲಿ? ಹೊಸದಾಗಿ ಬಂದೋಳು, ನಿಮ್ಮಮ್ಮನ ಮುಂದೆ ನಿಂತ್ಕೊಂಡು, ನಂಗೆ ಹೊಳೆ ದಾಟೋಕೆ ಬರುತ್ತೆ ಅಂತ ಹೇಳ್ಲಾ?"

"ನಂಗೆ ಹೇಳಬಹುದಿತ್ತಲ್ಲ."

"ನೀವು ಕೇಳ್ಲಿಲ್ಲ."

ಪೇಪರು ಕೆಳಗಿಳಿಯಿತು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಪಂಕ್ತಿಯಲ್ಲಿ ಬಡಿಸುವವನು ತನ್ನ ಎಲೆ ದಾಟಿಕೊಂಡು ಮುಂದೆ ಹೋದಾಗ ಮನುಷ್ಯನ ಮುಖ ಹೇಗಾಗುತ್ತದೋ ಹಾಗಾಗಿತ್ತು.

"ಆ ಹುಡುಗ ಕೇಳಿದ. ಅವನಿಗೆ ಹೇಳ್ದೆ. ಊರಿನ ಯಾವನೋ, ಅರ್ಧ ಗಂಟೆ ಕೂತು ಮಂಡಕ್ಕಿ ತಿಂದು ಹೋದವನು."

"ನೋಡೀಗ," ಕಾಶಮ್ಮನಿಗೆ ನಗುವೂ ಬಂತು, ಕಣ್ಣೂ ತೇವವಾಯಿತು. "ಅವನ ಮೇಲೂ ಹೊಟ್ಟೆಕಿಚ್ಚಾ ನಿಮಗೆ?"

"ಹೊಟ್ಟೆಕಿಚ್ಚು ಗಿಟ್ಟೆಕಿಚ್ಚು ಏನಿಲ್ಲ," ಅಂತ ಅವರು ಮತ್ತೆ ಪೇಪರು ಏರಿಸಿದರು. "ಮುಳುಗಿಗಿಳುಗಿದ್ರೆ ನಾನೇನು ಮಾಡ್ಲಿ? ನಂಗೆ ಈಜು ಬರಲ್ಲ."

* * *

ಹೊರಡುವ ದಿನ ಎಲ್ಲವೂ ಪ್ಲಾನಿನಂತೆಯೇ ನಡೆಯಿತು, ತಿಪಟೂರಿನವರೆಗೆ. ಯಾರು ಎಲ್ಲಿ ಕೂರಬೇಕು ಅಂತ ಸಹ ನಾಗೇಶ್ ಹೇಳಿದ್ದ. ಅಣ್ಣ ಮುಂದೆ, ತಮ್ಮ ಹಿಂದೆ, ನಡುವೆ ಹೆಂಗಸರು. ಸ್ಫೂರ್ತಿ ಮಾತ್ರ ಎಲ್ಲ ಸೀಟಿನಲ್ಲೂ ಒಂದೊಂದು ಸಲ ಕೂತು ಬಂದಳು.

ತಿಪಟೂರು ದಾಟಿ ಸ್ವಲ್ಪ ದೂರಕ್ಕೆ ವ್ಯಾನಿನ ಚಕ್ರ ಪಂಕ್ಚರ್. ಸ್ಟೆಪ್ನಿ ಇಳಿಸಿ ನೋಡಿದರೆ ಅದರಲ್ಲೂ ಗಾಳಿ ಇಲ್ಲ. ಮುರುಗೇಶಪ್ಪ ತಲೆ ಕೆರೆದುಕೊಂಡು ನಿಂತ.

"ಸ್ಟೆಪ್ನಿ ನೋಡ್ಕೊಳ್ದೆ ಹೊರಡೋದಾ ಮಾರಾಯ!" ಅಂದ ರುದ್ರೇಶ.

"ಇಂಥ ವ್ಯಾನ್ ಯಾವನು ಹುಡುಕಿದ್ದು!" ಅಂದ ವೀರೇಂದ್ರ.

ಕಾಶಮ್ಮ ಕಿಟಕಿ ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡರು. ಶುರುವಾಯಿತು, ಶಿವನೇ. ಇನ್ನು ಹೊರನಾಡು ಬರುತ್ತೆ, ರೂಮು ಬರುತ್ತೆ, ಸೊಳ್ಳೆ ಬರುತ್ತೆ.

"ಆ ನಾಗೇಶ ಹುಡುಕಿದ್ದು," ಅಂದ ರುದ್ರೇಶ.

"ಫೋನ್ ಮಾಡಿ ಉಗೀಬೇಕು ಅವನಿಗೆ."

"ಮಾಡು. ನಂಬರ್ ನಿನ್ನ ಹತ್ರ ಇದೆಯಲ್ಲ. ಸ್ಪೀಕರ್‌ಗೆ ಹಾಕು."

ಇಬ್ಬರೂ ರಸ್ತೆ ಬದಿಯ ಹುಣಸೆಮರದ ಕೆಳಗೆ ಒಂದೇ ಫೋನಿಗೆ ಬಾಯಿ ಕೊಟ್ಟು ನಾಗೇಶನನ್ನು ಬೈದರು. ಅಣ್ಣ ಉಸಿರು ತೆಗೆದುಕೊಳ್ಳುವಾಗ ತಮ್ಮ, ತಮ್ಮ ನಿಲ್ಲಿಸಿದಾಗ ಅಣ್ಣ. ಆ ಕಡೆಯಿಂದ ಅವನ ದನಿ ಕೇಳಿಸಿತು. "ಬೈರಿ ಸರ್, ಬೈರಿ. ಬೈಯೋದೂ ಆ ಎಂಟುನೂರರಲ್ಲಿ ಸೇರಿದೆ. ತಿಪಟೂರಲ್ಲಿ ನಮ್ಮೋರೊಬ್ರು ಇದಾರೆ, ಈಗಲೇ ಚಕ್ರ ಕಳಿಸ್ತೀನಿ."

"ಮಾತು ನೋಡು ಅವಂದು," ಅಂದ ವೀರೇಂದ್ರ ಫೋನು ಇಟ್ಟು. "ಅಲ್ವೇನಣ್ಣ?"

"ಪಕ್ಕಾ ಆಸಾಮಿ ಕಣೋ," ಅಂದ ರುದ್ರೇಶ.

ಕಾಶಮ್ಮ ಕಣ್ಣು ಬಿಟ್ಟು ಗಂಡನನ್ನು ನೋಡಿದರು. ಅವರೂ ಕೇಳಿಸಿಕೊಂಡಿದ್ದರು. ಒಲೆಯ ಮೇಲೆ ಹಾಲು ಇಟ್ಟಾಗ ಸುಮ್ಮನೆ ನೋಡುತ್ತಾ ನಿಲ್ಲುತ್ತಾರಲ್ಲ, ಹಾಗೆ ಇಬ್ಬರೂ ಕೂತರು. ಚಕ್ರ ಬಂದಾಗ ಮಕ್ಕಳಲ್ಲಿ ಜ್ಯಾಕ್ ಹಿಡಿದವನು ಒಬ್ಬ, ನಟ್ಟು ಬಿಗಿದವನು ಇನ್ನೊಬ್ಬ. ಮುರುಗೇಶಪ್ಪ ದೂರ ನಿಂತು ಬೀಡಿ ಸೇದಿದ.

* * *

ಪಾರ್ಕು ತಲುಪಿದಾಗ ಹನ್ನೆರಡು ಸಮೀಪಿಸಿತ್ತು. ಖಾಲಿ ಇರಬೇಕಾದ ಕೊಳದಲ್ಲಿ ಕಾಲೇಜು ಹುಡುಗರು ಗಿಜಿಗುಡುತ್ತಿದ್ದರು. ಒಬ್ಬನ ಹೆಗಲ ಮೇಲೆ ಇನ್ನೊಬ್ಬ, ಕೂಗು, ಶಿಳ್ಳೆ, ಮೈಕಿನಲ್ಲಿ ಕಿವಿ ಒಡೆಯುವ ಹಾಡು. ಕಾಶಮ್ಮ ಕಡುನೀಲಿ ಬಟ್ಟೆ ತೊಟ್ಟು, ಮೇಲೊಂದು ಟವಲ್ ಹೊದ್ದು ಹೊರಗೆ ಬಂದರು. ಕೊಳ ನೋಡಿದರು. ಬಂದು ಬೆಂಚಿನ ಮೇಲೆ ಕೂತುಬಿಟ್ಟರು.

"ನಾನಿಲ್ಲೇ ಇರ್ತೀನಿ. ನೀವೆಲ್ಲ ಹೋಗಿ ಬನ್ನಿ. ಆ ಬ್ಯಾಗು ಈ ಕಡೆ ಕೊಡು."

"ಅತ್ತೆ, ಒಂದು ಮೂಲೇಲಿ..." ಅಂದಳು ಪ್ರಿಯದರ್ಶಿನಿ.

"ಬೇಡ ಕಣೆ. ಆ ಹುಡುಗ್ರ ಮಧ್ಯೆ ನಾನೇನು ಮಾಡ್ಲಿ? ಆಸೆ ಇತ್ತು, ಹೇಳ್ದೆ. ಹೇಳಿದ್ದೆಲ್ಲ ಆಗ್ಬೇಕು ಅಂತ ಏನಿದೆ?"

ಸ್ಫೂರ್ತಿಗೆ ಜಾರುಬಂಡೆಯ ಅವಸರ. ಅಪ್ಪನೂ ಚಿಕ್ಕಪ್ಪನೂ ಅವಳ ಎರಡು ಕೈ ಹಿಡಿದುಕೊಂಡು ಹೋದರು. ಸಂಧ್ಯಾ ಎತ್ತರವಿಲ್ಲದ ದೋಣಿ ಹುಡುಕಿಕೊಂಡು ಹೊರಟಳು. ಪ್ರಿಯದರ್ಶಿನಿ ಮಾತ್ರ ಹೋಗದೆ ನಾಗೇಶನಿಗೆ ಫೋನು ಹಚ್ಚಿದಳು. ಮಾತಾಡಿ ಮುಗಿಸಿ ಮಾವನ ಕಡೆ ನೋಡಿ, ಹೇಳಲೋ ಬೇಡವೋ ಅಂತ ನಿಂತಳು.

"ಏನಂತೆ?" ಅಂದರು ಶಿವಶಂಕರಪ್ಪ.

"ಒಂದು ಗಂಟೆಗೆ ಊಟದ ಹಾಲ್ ತೆಗೀತಾರಂತೆ ಮಾವ. ಹುಡುಗ್ರೆಲ್ಲ ಒಂದೇ ಸಲ ಅಲ್ಲಿಗೆ ಓಡ್ತಾರಂತೆ. ಎರಡರವರೆಗೆ ಕೊಳ ಖಾಲಿ ಇರುತ್ತಂತೆ. ಆದ್ರೆ..."

"ಆದ್ರೆ?"

"ಆವಾಗ ಅತ್ತೆ ನೀರಿಗಿಳಿದ್ರೆ ನಮ್ಮ ಊಟ ಎರಡೂವರೆ ಆಗುತ್ತೆ."

ಕಾಶಮ್ಮ ಥಟ್ಟನೆ, "ಬೇಡ್ವೇ ಬೇಡ. ಅವರಿಗೆ ಹೊತ್ತು ಮೀರಿದ್ರೆ ತಲೆ ನೋವು ಬರುತ್ತೆ. ಒಂದಕ್ಕೆ ಎಲ್ರೂ ಊಟಕ್ಕೆ ಹೋಗೋಣ" ಅಂದರು.

ಶಿವಶಂಕರಪ್ಪ ಕೊಳದ ಕಡೆ ನೋಡುತ್ತಿದ್ದರು. ಗಡಿಯಾರ ನೋಡಿಕೊಂಡರು. ಗಡಿಯಾರವನ್ನು ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡರು.

"ಇಲ್ಲಿ ಬಾಳೆಹಣ್ಣು ಸಿಗುತ್ತೇನಮ್ಮ?"

"ಹೊರಗಡೆ ಅಂಗಡೀಲಿ ಇರ್ಬೇಕು ಮಾವ."

"ಎರಡು ತಗೊಂಡು ಬಾ. ಸಾಕು ನಂಗೆ." ಹೆಂಡತಿಯ ಮಡಿಲಲ್ಲಿದ್ದ ಬ್ಯಾಗನ್ನು ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡರು. "ಇದನ್ನ ಕೊಡು ಇಲ್ಲಿ. ಕಾಯೋಕೆ ಗಂಡಸರಿಗೂ ಬರುತ್ತೆ."

ಒಂದು ಗಂಟೆಗೆ ಮೈಕಿನಲ್ಲಿ ಊಟ ಅಂತ ಕೂಗಿದರು. ಕೊಳದ ಹುಡುಗರೆಲ್ಲ ನೀರು ತೊಟ್ಟಿಕ್ಕಿಸುತ್ತ ಎದ್ದು ಓಡಿದರು. ನೀರು ಸ್ವಲ್ಪ ಹೊತ್ತು ಅಲ್ಲಾಡಿ, ನಿಂತಿತು.

ಕಾಶಮ್ಮ ಮೆಟ್ಟಿಲ ಕಂಬಿ ಹಿಡಿದು ಇಳಿದರು. ಮೊಣಕಾಲು, ಸೊಂಟ, ಎದೆ. ನೀರಿಗೆ ಔಷಧಿಯ ವಾಸನೆ, ಹೊಳೆಯ ವಾಸನೆಯಲ್ಲ. ಕೆಳಗೆ ನುಣ್ಣನೆ ಕಲ್ಲು, ಮರಳಲ್ಲ. ಆಗುತ್ತದೋ ಇಲ್ಲವೋ ಅಂತ ಒಂದು ಕ್ಷಣ ನಿಂತರು. ಆಮೇಲೆ ಮುಂದಕ್ಕೆ ಬಾಗಿ ಕಾಲು ಬಿಟ್ಟರು. ಮೊದಲ ಎರಡು ಎಳೆತಕ್ಕೆ ಮೂಗಿಗೆ ನೀರು ಹೋಯಿತು, ಕೆಮ್ಮಿದರು. ಮೂರನೆಯದಕ್ಕೆ ಕೈಕಾಲುಗಳು ತಾವಾಗೇ ದಾರಿ ಹಿಡಿದವು. ಮಂಡಿನೋವಿನ ಕಾಲು, ಮೆಟ್ಟಿಲು ಹತ್ತಲು ಗೋಡೆ ಹಿಡಿಯುವ ಕಾಲು, ನೀರಿನಲ್ಲಿ ಯಾರದೋ ಹುಡುಗಿಯ ಕಾಲಿನಂತೆ ಹಗುರವಾಗಿ ಹಿಂದೆ ಬರುತ್ತಿತ್ತು. ಕಾಶಮ್ಮನಿಗೆ ನಗು ಬಂತು. ನಕ್ಕರೆ ನೀರು ಬಾಯಿಗೆ ಹೋಗುತ್ತದೆ ಅಂತ ತುಟಿ ಬಿಗಿದುಕೊಂಡೇ ನಕ್ಕರು.

ಕೊಳದ ನಡುವಿನ ಹಗ್ಗದ ಹತ್ತಿರ ಹೋಗುತ್ತಿದ್ದ ಹಾಗೆ ದಡದಿಂದ ಕೂಗು ಬಂತು.

"ಕಾಶೀ!"

ಗಂಡ ಜನರ ಮುಂದೆ ಅವರ ಹೆಸರು ಹಿಡಿದು ಕರೆದವರಲ್ಲ. 'ಏ', 'ಇಲ್ನೋಡು', 'ರುದ್ರೇಶನ ತಾಯಿ', ಇಷ್ಟೇ. ಕಾಶಮ್ಮ ತಿರುಗಿ ನೋಡಿದರು. ಶಿವಶಂಕರಪ್ಪ ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಹೆಂಡತಿಯ ಚಪ್ಪಲಿ ಹಿಡಿದುಕೊಂಡು, ಪ್ಯಾಂಟು ಮಡಚದೆಯೇ ಎರಡು ಮೆಟ್ಟಿಲು ನೀರಿಗೆ ಇಳಿದುಬಿಟ್ಟಿದ್ದರು.

"ಏನ್ರೀ?"

"ಏನಿಲ್ಲ! ಆ ಹಗ್ಗ ದಾಟಬೇಡ!"

"ದಾಟಲ್ಲ ರೀ. ನೀವು ಮೇಲೆ ಹೋಗಿ. ಬಟ್ಟೆ ಒದ್ದೆಯಾಯ್ತು."

ಅವರು ಹೋಗಲಿಲ್ಲ. ಕಾಶಮ್ಮ ಮಗ್ಗುಲಾದರು, ಅಂಗಾತವಾದರು, ಎರಡೂ ಕೈ ಚಾಚಿ ಆಕಾಶ ನೋಡುತ್ತ ತೇಲಿದರು. ಜಾರುಬಂಡೆಯಿಂದ ಓಡಿ ಬಂದ ಸ್ಫೂರ್ತಿ, "ಅಜ್ಜೀ! ಅಜ್ಜಿ ಮಲಗ್ಬಿಟ್ಟಿದಾರೆ!" ಅಂತ ಕಿರುಚಿದಳು. ಹಿಂದೆ ಬಂದ ಗಂಡುಮಕ್ಕಳಿಬ್ಬರೂ ದಡದಲ್ಲಿ ನಿಂತರು.

"ಅಣ್ಣಾ, ನಿಂಗೆ ನಿಜವಾಗ್ಲೂ ಗೊತ್ತಿರಲಿಲ್ವಾ?"

"ಇಲ್ಲ ಕಣೋ."

ಎರಡೂವರೆಗೆ ಊಟಕ್ಕೆ ಕೂತಾಗ ಅನ್ನ ಆರಿತ್ತು, ಪಲ್ಯ ಮುಗಿದಿತ್ತು. ಶಿವಶಂಕರಪ್ಪ ಒದ್ದೆ ಪ್ಯಾಂಟಿನಲ್ಲೇ ಕೂತು ಬರೀ ಸಾರು ಅನ್ನ ಉಂಡರು. ಅಡುಗೆ ಬಗ್ಗೆ ಒಂದು ಮಾತೂ ಆಡಲಿಲ್ಲ. ಕಾಶಮ್ಮ ಎರಡು ಸಲ ಬಡಿಸಿಕೊಂಡರು.

* * *

ವಾಪಸು ಬರುವಾಗ ಅರಸೀಕೆರೆ ಹತ್ತಿರ ಟೀಗೆ ನಿಲ್ಲಿಸಿದರು. ಸೂರ್ಯ ಇನ್ನೂ ಪೂರ್ತಿ ಮುಳುಗಿರಲಿಲ್ಲ. ಗಂಡುಮಕ್ಕಳು ವ್ಯಾನಿಗೆ ಒರಗಿ ನಿಂತು ಲೆಕ್ಕಾಚಾರ ಶುರು ಮಾಡಿದರು.

"ಉಳಿದ ಅರ್ಧ ಕೊಡೋದು ಬೇಡ ಕಣಣ್ಣ. ಅವನು ಬರೆದದ್ದು ಒಂದೂ ಹೊತ್ತಿಗೆ ಸರಿಯಾಗಿ ಆಗ್ಲಿಲ್ಲ. ಖಾಲಿ ಕೊಳ ಅಂದ, ತುಂಬಿತ್ತು. ಒಂದಕ್ಕೆ ಊಟ ಅಂದ, ಎರಡೂವರೆ ಆಯ್ತು."

"ಪಂಕ್ಚರ್ ಆಗಿದ್ದಕ್ಕೆ ಅವನೇನು ಮಾಡ್ತಾನೋ. ಆದ್ರೂ, ಸರತಿಯಲ್ಲಿ ನಿಲ್ಲೋದಿಲ್ಲ ಅಂತ ಹೇಳಿದ್ದೆ, ಒಂದು ಗಂಟೆ ನಿಂತೆ. ನೂರು ರೂಪಾಯಿ ಹಿಡ್ಕೊಂಡು ಕೊಡೋಣ."

ಬೆಂಚಿನ ಮೇಲಿಂದ ಶಿವಶಂಕರಪ್ಪ ಗದರಿದರು. "ಏ, ಪೂರ್ತಿ ಕೊಡ್ರೋ. ಪೆನ್ಶನ್ನಿಂದ ನಾನು ಕೊಡ್ತೀನಿ, ಸೋಮವಾರ ನಾನೇ ಹೋಗಿ ಕೊಟ್ಟು ಬರ್ತೀನಿ."

"ಅಪ್ಪಾಜಿ, ಬರೀ ಮಾತಿಗೆ ದುಡ್ಡಾ ಅಂತ ಹೇಳಿದ್ದು ನೀವೇ."

"ಈಗಲೂ ಅದೇ ಹೇಳ್ತೀನಿ. ದಂಡ. ಮನೇಲಿ ಬಿಟ್ಟಿಯಾಗಿ ಕೇಳಬಹುದಾಗಿದ್ದ ಮಾತಿಗೆ ಹೊರಗಿನವನಿಗೆ ಕೊಟ್ಟಿದ್ದು ದಂಡ. ದಂಡ ಅಂದ್ರೆ ಪೂರ್ತಿ ಕಟ್ಟಬೇಕು." ಮಕ್ಕಳಿಗೆ ಅರ್ಥವಾಗಲಿಲ್ಲ. ಪ್ರಿಯದರ್ಶಿನಿ ಟೀ ಲೋಟದ ಹಿಂದೆ ಮುಖ ಮರೆಸಿಕೊಂಡಳು.

ಕಾಶಮ್ಮನ ಕೂದಲು ಇನ್ನೂ ಹಸಿಯಾಗಿತ್ತು. ಬೆನ್ನ ಮೇಲೆ ಬಿಟ್ಟುಕೊಂಡು ಗಂಡನ ಪಕ್ಕದಲ್ಲಿ ಕೂತಿದ್ದರು. ಮೈಯೆಲ್ಲ ನೋಯುತ್ತಿತ್ತು, ಹಿತವಾಗಿ. ಶಿವಶಂಕರಪ್ಪ ಸ್ವಲ್ಪ ಹೊತ್ತು ಟೀ ಊದಿದರು. ಕೆಮ್ಮಿದರು. ರಸ್ತೆಯ ಮೇಲೆ ಹೋಗುತ್ತಿದ್ದ ಲಾರಿ ನೋಡಿದರು.

"ಇನ್ನೇನೇನು ಬರುತ್ತೆ ನಿಂಗೆ?" ಅಂದರು ಕೊನೆಗೆ.

"ಅಂದ್ರೆ?"

"ಅಂದ್ರೆ... ನಂಗೆ ಗೊತ್ತಿಲ್ಲದೇ ಇರೋದು. ಕೇಳಲಿಲ್ಲ ಅಂದ್ಯಲ್ಲ. ಈಗ ಕೇಳ್ತಾ ಇದೀನಿ."

ಕಾಶಮ್ಮ ಯೋಚಿಸಿದರು. ಹೇಳಬಹುದು ಅನ್ನಿಸಿತು.

"ಸೈಕಲ್ ಬರುತ್ತೆ."

"ಸೈಕಲ್ಲಾ? ಯಾರ ಸೈಕಲ್?"

"ನಿಮ್ದೇ. ನೀವು ನೈಟ್ ಶಿಫ್ಟ್ ಮುಗಿಸಿ ಬಂದು ಗೊರಕೆ ಹೊಡೀತಿದ್ರಲ್ಲ, ಆವಾಗ. ಮಕ್ಕಳು ಸ್ಕೂಲಿಗೆ ಹೋಗಿರ್ತಿದ್ವು. ಆವಾಗಿದ್ದ ಕಾರ್ಖಾನೆ ಕ್ವಾರ್ಟರ್ಸ್ ಹಿಂದಿನ ಬಯಲಲ್ಲಿ ಎರಡು ಸುತ್ತು ಹೊಡೆದು ಬಂದು ಅಡುಗೆಗಿಡ್ತಿದ್ದೆ."

ಶಿವಶಂಕರಪ್ಪ ಲೋಟ ಕೆಳಗಿಟ್ಟರು. "ಸೀರೆ ಉಟ್ಕೊಂಡು?"

"ಕಚ್ಚೆ ಹಾಕ್ಕೊಂಡು. ಸೀಟು ಎತ್ತರ ಆಗ್ತಿತ್ತು, ಸ್ಪ್ಯಾನರ್‌ನಲ್ಲಿ ಇಳಿಸ್ತಿದ್ದೆ. ಆಮೇಲೆ ಮೊದ್ಲಿನ ಹಂಗೇ ಏರಿಸಿ ಇಡ್ತಿದ್ದೆ."

ಅವರು ಹೆಂಡತಿಯ ಮುಖವನ್ನೇ ನೋಡುತ್ತ ಕೂತರು. ಭುಜ ಮೆಲ್ಲಗೆ ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಮನುಷ್ಯ ಪೂರ್ತಿಯಾಗಿ ನಗತೊಡಗಿದರು. "ಅದಕ್ಕೇ! ವಾರಕ್ಕೊಂದು ಸಲ ಆ ಸೀಟು ಲೊಡಲೊಡ ಅಂತಿತ್ತು ಕಣೇ! ಸೈಕಲ್ ಶಾಪಿನ ಗೋವಿಂದನ ಹತ್ರ ಎಷ್ಟು ಸಲ ಜಗಳ ಆಡಿದೀನಿ ಗೊತ್ತಾ? ನಟ್ಟು ಬಿಗಿಯೋಕೆ ಬರಲ್ವೇನೋ ನಿಂಗೆ ಅಂತ, ಪಾಪ, ಅವನ ಕುಲ ಗೋತ್ರ ಎಲ್ಲಾ ತೆಗೆದು ಬೈದಿದೀನಿ!"

ವ್ಯಾನಿನ ಹತ್ತಿರ ಎಲ್ಲರೂ ತಿರುಗಿ ನೋಡಿದರು. ಅಜ್ಜ ಕಣ್ಣೊರೆಸಿಕೊಂಡು ನಗುವುದನ್ನು ಸ್ಫೂರ್ತಿ ಹುಟ್ಟಿದ ಮೇಲೆ ನೋಡಿರಲಿಲ್ಲ. ಮುರುಗೇಶಪ್ಪ ಹೊತ್ತಾಯಿತು ಅಂತ ಹಾರ್ನ್ ಒತ್ತಿದ.

"ಇರು ಮಾರಾಯ, ಇನ್ನೆರಡು ಟೀ ಆಗ್ಲಿ," ಅಂತ ಕೂಗಿ, ಶಿವಶಂಕರಪ್ಪ ಬೆಂಚಿನ ಮೇಲೆ ಹೆಂಡತಿಯ ಹತ್ತಿರಕ್ಕೆ ಸರಿದು ಕೂತರು.

"ಹೂಂ, ಹೇಳು. ಮೊದಲನೇ ಸಲ ಹತ್ತಿದಾಗ ಬಿದ್ಯಾ?"